ತಳ್ಳಿದರೆ ಹೊರಡುತ್ತಿದ್ದ ಕಾರು

"ಮೇಸ್ತ್ರಿಗಳೇ, ಇಂಜಿನ್ ತೊಳೆಸಲು ಎಷ್ಟು ಖರ್ಚಾಗುತ್ತದೆ ಎಂದು ಗಿರಾಕಿ ಕೇಳಿದರೆ, ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ನೀವು ತಿರುಗಿ ಕೇಳುತ್ತೀರಲ್ಲ, ಅದೇಕೆ?" ಎಂದು ಗ್ಯಾರೇಜಿನಲ್ಲಿ ಶಿಷ್ಯನು ಗುರುವನ್ನು ಕೇಳಿದನು.

ಗುರು ಕೈ ಒರೆಸಿಕೊಂಡು ಹೇಳಿದನು:

ಒಬ್ಬ ವ್ಯಾಪಾರಿಯಿದ್ದನು. ಮನೆಯಲ್ಲಿ ಅವನೊಬ್ಬನೇ. ಅವನ ಹಳೆಯ ಕಾರಿನ ಇಂಜಿನ್ ಒಳಗೆಲ್ಲ ಕರಿ ಕಟ್ಟಿತ್ತು. ಅದರ ಹೊಗೆ ಹೇಗಿತ್ತೆಂದರೆ, ಬೆಳಿಗ್ಗೆ ಅದರ ಮೇಲೆ ಹಾರಿಹೋದ ಕೊಕ್ಕರೆ ಸಂಜೆ ಕಾಗೆಗಳ ಗುಂಪಿನಲ್ಲಿ ಕೂತಿರುತ್ತಿತ್ತು. ಸುಳ್ಳಲ್ಲ, ನಾನೇ ಕಂಡಿದ್ದೇನೆ.

ಆ ಕಾರು ತಳ್ಳದೆ ಹೊರಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಎದುರಿನ ಚಹಾದಂಗಡಿಯ ಮಂದಿ ಲೋಟ ಕೆಳಗಿಟ್ಟು ಬರುತ್ತಿದ್ದರು. "ಸಾವ್ಕಾರ್ರೇ, ಎಮ್ಮೆ ಇವತ್ತೂ ಏಳಲಿಲ್ಲವೋ?" ಎನ್ನುವನು ಒಬ್ಬ. "ಹುಲ್ಲು ಹಾಕಿ ನೋಡಿ" ಎನ್ನುವನು ಇನ್ನೊಬ್ಬ. ವ್ಯಾಪಾರಿ ಒಳಗೆ ಕೂತೇ, "ತಳ್ರಪ್ಪ, ತಳ್ಳಿ" ಎಂದು ನಗುವನು. ಇಂಜಿನ್ ಚಾಲೂ ಆಯಿತೋ, ನಿಲ್ಲಿಸದೆ ಹೋಗಿಬಿಡುವನು. ನಿಲ್ಲಿಸಿದರೆ ಮತ್ತೆ ತಳ್ಳಬೇಕಲ್ಲ.

ಕಡೆಗೆ ಜನರ ಹಂಗು ಸಾಕೆನಿಸಿ ನನ್ನಲ್ಲಿಗೆ ಬಂದನು. ನಾನು ಇಂಜಿನ್ ಬಿಚ್ಚಿ, ಕರಿ ಕೆರೆದು, ತೊಳೆದು ಕೊಟ್ಟೆ. ನನ್ನ ಕೈಯ ಕೆಲಸ ಕೇಳಬೇಕೆ? ಅವನು ಕೀಲಿಯನ್ನು ಜೇಬಿನಿಂದ ತೆಗೆಯುವಷ್ಟರಲ್ಲೇ ಕಾರು ಗುರ್ರೆನ್ನುತ್ತಿತ್ತು.

ಮರುದಿನ ಚಹಾದಂಗಡಿಯವರು ತಳ್ಳಲೆಂದು ಅಂಗಿಯ ತೋಳು ಮಡಿಸಿಕೊಂಡು ಎದ್ದರು. ಕಾರು ತಾನಾಗಿ ಹೊರಟಿತು. ಅವರು ಮತ್ತೆ ಕೂತರು. ಬರಬರುತ್ತ ಏಳುವುದನ್ನೂ ಬಿಟ್ಟರು. ಆ ಬೆಳಗಿನ ನಗು ಬಿಟ್ಟರೆ ವ್ಯಾಪಾರಿಗೆ ಬೇರೆ ಮಾತುಕತೆ ಇರಲಿಲ್ಲ. ಒಂದು ಬೆಳಿಗ್ಗೆ ಅವನು ಕಾರನ್ನು ಅವರ ಮುಂದೆಯೇ ನಿಲ್ಲಿಸಿ ಹಾರನ್ ಒತ್ತಿದನು. ದಾರಿ ಬಿಡಿ ಎನ್ನುತ್ತಿದ್ದಾನೆಂದುಕೊಂಡು ಅವರು ಬೆಂಚನ್ನು ಹಿಂದಕ್ಕೆ ಎಳೆದುಕೊಂಡರು.

ಅಂದೇ ಅವನು ನನ್ನಲ್ಲಿಗೆ ಬಂದನು. "ಮೇಸ್ತ್ರಿ, ಕೆರೆದ ಕರಿ ಇನ್ನೂ ಇಟ್ಟಿದ್ದೀಯೇನು? ಮೊದಲಿದ್ದಂತೆ ಮಾಡಿಕೊಡು" ಎಂದನು. ಆನೆ ಸತ್ತಂತೆ ಬಿದ್ದ ಲಾರಿಗಳನ್ನು ಎಬ್ಬಿಸಿದ ಕೈ ಇದು. ಕೆಡಿಸಲು ಮಾತ್ರ ಬರಲಿಲ್ಲ.

ಶಿಷ್ಯನಿಗೆ ನಗು ಬಂದಿತು. "ಅಷ್ಟಕ್ಕೆ ಇಂಜಿನ್ ಏಕೆ ಕೆಡಿಸಬೇಕು? ಕಾರಿನಿಂದ ಇಳಿದು, ಅವರನ್ನು ಕೂಗಿ ಮಾತಾಡಿಸಿದ್ದರೆ ಆಗುತ್ತಿತ್ತಲ್ಲ?"

ಗುರು ಹೇಳಿದನು: "ಹಾರನ್ ಒತ್ತಿದ ಮೇಲೆ ಇಳಿದನಪ್ಪ, ಕೂಗಲೆಂದು ಬಾಯಿಯನ್ನೂ ತೆರೆದನು. ಆದರೆ ಅಷ್ಟು ವರ್ಷ ಬೆನ್ನ ಹಿಂದೆ ತಳ್ಳಿದವರಲ್ಲಿ ಒಬ್ಬನ ಹೆಸರೂ ಅವನಿಗೆ ಗೊತ್ತಿರಲಿಲ್ಲ."