ಜೋಕಾಲಿಮಡು

ಕೆಂಗೋಟೆಯಿಂದ ನೇಗಿನಮಡ್ಡಿಗೆ ಹೋಗುವ ದಾರಿಯಲ್ಲಿ, ಹಳ್ಳವು ಎರಡು ಬಂಡೆಗಳ ನಡುವೆ ಇಕ್ಕಟ್ಟಾಗಿ ಹರಿದು ಆಳವಾಗುವ ಜಾಗಕ್ಕೆ ಜೋಕಾಲಿಮಡು ಎಂದು ಹೆಸರು. ಈಗ ಅಲ್ಲಿ ಸೇತುವೆಯಾಗಿದೆ. ಬಸ್ಸುಗಳು ನಿಲ್ಲದೆ ಹೋಗುತ್ತವೆ. ದಂಡೆಯ ಆಲದ ನೆರಳಿನಲ್ಲಿ ಕುರಿಗಾರರು ಬುತ್ತಿ ಬಿಚ್ಚುತ್ತಾರೆ. ಹಿಂದೆ ಒಮ್ಮೆ ಈ ಹಳ್ಳವೇ ಎರಡು ಸಂಸ್ಥಾನಗಳ ಗಡಿಯಾಗಿತ್ತು ಎನ್ನುತ್ತಾರೆ.

ಕೆಂಗೋಟೆಯ ದೇಸಾಯರಿಗೂ ನೇಗಿನಮಡ್ಡಿಯ ನಾಯಕರಿಗೂ ವರ್ಷಗಟ್ಟಲೆ ಕಾಳಗ ನಡೆದು, ನೇಗಿಲು ಹಿಡಿಯುವ ಗಂಡಸರೇ ಇಲ್ಲದಂತಾದ ಮೇಲೆ ಒಪ್ಪಂದವಾಯಿತು. ಬೆಟ್ಟದಾಚೆ ಇದ್ದ ಗಡಿ ಹಳ್ಳಕ್ಕೆ ಬಂತು. ಆಚೆ ದಂಡೆಯ ನೆಲಕ್ಕೆ ಕಾಲಿಟ್ಟವರ ಕಾಲು ಕಡಿಯಲಾಗುವುದೆಂದು ಎರಡೂ ಕಡೆ ಡಂಗುರ ಸಾರಿದರು. ಕೆಂಗೋಟೆಯ ಸೀಮೆಗೆ ಸೊಸೆಯಾಗಿ ಬಂದಿದ್ದ ನೀಲಗಂಗವ್ವನ ತವರು ಆಚೆ ದಂಡೆಗೆ ಉಳಿಯಿತು. ನಾಗರ ಪಂಚಮಿಗೆ ತವರಿಗೆ ಕರೆಯಲು ಬರುತ್ತಿದ್ದ ಅಣ್ಣ ಕಾಳಗದಲ್ಲಿ ಮಡಿದಿದ್ದ. ತಾಯಿ ಚಂದ್ರವ್ವ ಅತ್ತು ಅತ್ತು ಕಣ್ಣು ಕಳೆದುಕೊಂಡಳೆಂದು ಸುದ್ದಿ ಬಂದಿತ್ತು. ಆ ವರ್ಷವೇ ನೀಲಗಂಗವ್ವ ಹೆಣ್ಣು ಹೆತ್ತಳು. ಕೂಸನ್ನು ಎತ್ತಿಕೊಂಡಾಗಲೆಲ್ಲ, ಇದನ್ನು ಅವ್ವ ಒಮ್ಮೆ ಮುಟ್ಟಿದರೆ ಸಾಕು ಎಂದು ಅವಳ ಜೀವ ಹಂಬಲಿಸುತ್ತಿತ್ತು.

ಪಂಚಮಿಯ ದಿನ, ಮಗಳು ಹೇಳಿಕಳಿಸಿದ್ದಂತೆ, ಚಂದ್ರವ್ವ ಕೋಲೂರಿಕೊಂಡು ಆಚೆ ದಂಡೆಗೆ ಬಂದು ನಿಂತಳು. ಈಚೆ ದಂಡೆಯ ಆಲದ ಕೊಂಬೆ ನೀರಿನ ಮೇಲೆ ಚಾಚಿಕೊಂಡಿತ್ತು. ನೀಲಗಂಗವ್ವ ಅದಕ್ಕೆ ಹಗ್ಗ ಬಿಗಿದು ಜೋಕಾಲಿ ಕಟ್ಟಿ, ಕೂಸನ್ನು ಸೆರಗಿನಲ್ಲಿ ಎದೆಗೆ ಬಿಗಿದುಕೊಂಡು ಹತ್ತಿದಳು. ಜೀಕಿದಳು. ಮಡುವಿನ ಕಪ್ಪು ನೀರು ಕಾಲ ಕೆಳಗೆ ಹಾದು ಹೋಯಿತು. ಅವ್ವನ ಚಾಚಿದ ಕೈಗಳು ಬರಿಗಾಳಿ ತಡವಿದವು. ಅವಳು ಇನ್ನೂ ಜೋರಾಗಿ ಜೀಕಿದಳು.

ಆಚೆಯ ಕಾವಲುಗಾರ ದ್ಯಾವಪ್ಪ ಭರ್ಜಿ ಎತ್ತಿ ಓಡಿ ಬಂದ. "ಗಡಿ ದಾಟಬ್ಯಾಡವ್ವಾ. ಕಾಲು ಹೋಗತಾವ."

"ಕಾಲು ಎಲ್ಲಿ ಊರೀನಿ, ನೋಡು ಯಣ್ಣಾ," ಎಂದಳು ಅವಳು, ತೂಗುತ್ತಲೇ.

ದ್ಯಾವಪ್ಪ ನೋಡಿದ. ಮಗಳ ದನಿ ಬಂದತ್ತ ಮುದುಕಿ ಬಂಡೆಯ ಅಂಚಿಗೆ ಬಂದುಬಿಟ್ಟಿದ್ದಳು. ಅವನು ಭರ್ಜಿ ಕೆಳಗಿಟ್ಟು, ಹಿಂದಿನಿಂದ ಅವಳ ನಡು ಹಿಡಿದು, "ಈಗ ಬಂದಾಳ ನೋಡಬೇ, ಕೈ ಚಾಚು," ಎಂದ. ಜೋಕಾಲಿ ಬಂತು. ಚಂದ್ರವ್ವನ ಬೆರಳಿಗೆ ಕೂಸಿನ ಪಾದ ಸಿಕ್ಕಿತು. "ಬೆಚ್ಚಗದಾಳ," ಎಂದಳು ಮುದುಕಿ.

ಸುದ್ದಿ ಮುಟ್ಟಿದ ಮೇಲೆ ನಾಯಕರು ದ್ಯಾವಪ್ಪನನ್ನು ಕರೆಸಿದರು. ಅವನು ಒಂದನ್ನೂ ಮುಚ್ಚಿಡಲಿಲ್ಲ. ಕೇಳಿದ ನಾಯಕರು ದೇಸಾಯರಿಗೆ ಹೇಳಿಕಳಿಸಿದರಂತೆ: ನೆಲ ನಿಮ್ಮದೋ ನಮ್ಮದೋ, ಹೆಣ್ಣುಮಕ್ಕಳಿಗೆ ತವರು ಇರಲಿ. ಮರುವರ್ಷದ ಪಂಚಮಿಗೆ ನೀಲಗಂಗವ್ವ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಹಳ್ಳ ದಾಟಿದಳು. ತಾಯಿ ಅವಳ ಮುಖವನ್ನೆಲ್ಲ ಕೈಯಿಂದ ಸವರಿ, ತಂಬಿಟ್ಟು ತಿನ್ನಿಸಿದಳು.

ಆ ಸಂಸ್ಥಾನಗಳು ಅಳಿದು ಎಷ್ಟೋ ಕಾಲವಾಯಿತು. ಪಂಚಮಿಯಂದು ಹೋದವರಿಗೆ ಇಂದಿಗೂ ಆಲದ ಕೊಂಬೆಯಲ್ಲಿ ಜೋಕಾಲಿ ಕಾಣುತ್ತದೆ. ಆಯಾ ವರ್ಷ ಹುಟ್ಟಿದ ಕೂಸುಗಳನ್ನು ತಾಯಂದಿರು ಮಡಿಲಲ್ಲಿಟ್ಟುಕೊಂಡು ಜೀಕುತ್ತಾರೆ. ಆಚೆ ದಂಡೆಯಲ್ಲಿ ಯಾರೇ ನಿಂತಿರಲಿ, ದಾರಿಹೋಕರೇ ಆಗಲಿ, ಕೈ ಚಾಚಿ ಆ ಪುಟ್ಟ ಪಾದ ಮುಟ್ಟಬೇಕು.