ಡೋಲು ಹಿಡಿದ ಕೈ

"ಗುರುಗಳೇ, ದೇವರೇ ಅಪ್ಪಣೆ ಕೊಟ್ಟ ಮೇಲೆ ಮನುಷ್ಯರನ್ನು ಕೇಳುವುದು ಉಂಟೇ?" ಎಂದು ಗುರುಪಾದ ಕೇಳಿದ.

ಗುರುಪಾದ ಮಠದ ಪೂಜೆ ನೋಡಿಕೊಳ್ಳುವ ಶಿಷ್ಯ. ಅಡುಗೆಯ ಮಾಳಜ್ಜನನ್ನು ಬಿಡಿಸಿ ತನ್ನ ಕಡೆಯವನನ್ನು ತರಬೇಕೆಂದು ಅವನಿಗೆ ಬಹಳ ದಿನದ ಆಸೆ. ಅಂದು ಬೆಳಿಗ್ಗೆ ಲಿಂಗದ ನೆತ್ತಿಯ ಮೇಲೆ ಎರಡೂ ಕಡೆ ಹೂ ಇಟ್ಟು ಪ್ರಸಾದ ಕೇಳಿದ್ದ. ಬಲಗಡೆಯ ಹೂ ಬಿದ್ದರೆ ಮುದುಕನನ್ನು ಕಳಿಸುವುದು, ಎಡಗಡೆಯದು ಬಿದ್ದರೆ ಇಟ್ಟುಕೊಳ್ಳುವುದು. ಬಲಗಡೆಯದೇ ಬಿತ್ತು. ಮೂವತ್ತು ವರ್ಷ ಮಠಕ್ಕೆ ಬೇಯಿಸಿ ಹಾಕಿದ ಮಾಳಜ್ಜನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಇದು ಯಾವುದೂ ಗೊತ್ತಿಲ್ಲದೆ ಅವನು ಒಲೆ ಮುಂದೆ ಕೂತಿದ್ದ.

"ಕೂತುಕೋ. ನಿಂತು ಕೇಳುವ ಕತೆಯಲ್ಲ ಇದು," ಎಂದು ಗುರುಗಳು ಶುರುಮಾಡಿದರು.

ಒಬ್ಬ ಕೋಲೆಬಸವದವನಿದ್ದ. ಎತ್ತಿಗೆ ಬಣ್ಣದ ಜೂಲು ಹೊದಿಸಿ, ಕೊಂಬಿಗೆ ಕುಚ್ಚು ಕಟ್ಟಿ ಮನೆಬಾಗಿಲಿಗೆ ತಂದನೆಂದರೆ ಅದು ಎತ್ತಲ್ಲ, ಬಸವಣ್ಣ! ಮಳೆ ಬರುತ್ತಾ ಬಸವಣ್ಣ, ಹೋದ ಮಗ ಮನೆಗೆ ಬರ್ತಾನಾ ಬಸವಣ್ಣ ಎಂದು ಜನ ಕೇಳುವರು. ಇವನು ಡೋಲಿಗೆ ಕೋಲಿನಿಂದ ಎರಡೇಟು ಹಾಕಿದರೆ ಎತ್ತು ಹೌದೆಂದು ತಲೆ ಆಡಿಸುತ್ತಿತ್ತು. ಅಂಗೈಯಿಂದ ಉಜ್ಜಿದರೆ ಇಲ್ಲವೆಂದು ಅಡ್ಡ ಆಡಿಸುತ್ತಿತ್ತು. ಕರುವಾಗಿದ್ದಾಗ ಅವನೇ ಕಲಿಸಿದ ವಿದ್ಯೆ. ಜನ ಎತ್ತಿನ ತಲೆ ನೋಡುತ್ತಿದ್ದರೇ ಹೊರತು ಅವನ ಕೈ ನೋಡುತ್ತಿರಲಿಲ್ಲ. ವರ್ಷಗಳು ಉರುಳಿದ ಮೇಲೆ ಅವನೂ ತನ್ನ ಕೈ ನೋಡುವುದನ್ನು ಬಿಟ್ಟ. ಎಡವಟ್ಟಾದದ್ದು ಅಲ್ಲೇ.

ಅವನಿಗೆ ಒಂದೇ ಕೊರಗು. ಎತ್ತಿಗೂ ಹಸುವಿಗೂ ರಾಮ ಸೀತೆಯೆಂದು ಹೆಸರಿಟ್ಟು ಮದುವೆಯಾಟ ಆಡಿಸಿದರೇ ಆ ಕಸುಬಿನಲ್ಲಿ ಮರ್ಯಾದೆ. ಇವನ ರಾಮನಿಗೆ ಸೀತೆಯಿರಲಿಲ್ಲ. ಅಷ್ಟರಲ್ಲಿ ಅದೇ ಕಸುಬಿನ ಇನ್ನೊಬ್ಬ ಬಂದ. ಅವನ ಹತ್ತಿರ ಪಳಗಿದ ಬಿಳಿ ಹಸುವಿತ್ತು. "ನಿನ್ನ ಮಗಳನ್ನು ನನ್ನ ಮಗನಿಗೆ ಕೊಡು, ಸೀತೆ ನಿನ್ನ ರಾಮನ ಪಕ್ಕ ಬಂದು ನಿಲ್ಲುತ್ತಾಳೆ," ಎಂದ.

ಆ ಮಗನೋ ಮುಂಗೋಪಿ. ಕುಡಿದರೆ ದನ ಜನ ಎನ್ನದೆ ಬಡಿಯುವವನು. ಇದು ಊರಿಗೆಲ್ಲ ಗೊತ್ತಿತ್ತು, ಹುಡುಗಿಯ ತಂದೆಗೂ ಗೊತ್ತಿತ್ತು. ಗೊತ್ತಿದ್ದೂ ಹೂಂ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಭಾರವನ್ನು ಬಸವಣ್ಣನ ಮೇಲೆ ಹಾಕಿದ.

ಬೀಗರಾಗುವವರು ಬಂದು ಕೂತರು. ಎತ್ತನ್ನು ಸಿಂಗರಿಸಿ ನಿಲ್ಲಿಸಿ, "ಬಸವಣ್ಣಾ, ಈ ಕೂಸನ್ನು ಆ ಮನೆಗೆ ಕೊಡಬಹುದಾ?" ಎಂದು ಕೇಳಿದ. ಡೋಲಿಗೆ ಎರಡೇಟು ಬಿತ್ತು. ಎತ್ತು ಹೌದೆಂದಿತು. "ನೋಡಿದಿರಾ, ದೇವರ ಮಾತು!" ಎಂದು ಹಿಗ್ಗಿದ. ಅವನ ಎದೆ ನಿಜವಾಗಿಯೂ ಹಗುರವಾಗಿತ್ತು.

ಮಗಳು ಎದ್ದು ಬಂದು ಕೈಚಾಚಿದಳು. ಹುಡುಗಾಟವೆಂದುಕೊಂಡು ಅವನು ನಗುತ್ತಲೇ ಡೋಲು ಕೊಟ್ಟ. ಅವಳು ಅದೇ ಮಾತನ್ನು ಬಸವಣ್ಣನಿಗೆ ಕೇಳಿ, ಅಂಗೈಯಿಂದ ಉಜ್ಜಿದಳು. ಎತ್ತು ಬೇಡವೆಂದು ತಲೆಯನ್ನು ಅಡ್ಡ ಆಡಿಸಿತು.

"ನಿನಗೆ ಹೌದು ಅಂದ, ನನಗೆ ಬೇಡ ಅಂದ," ಎಂದಳು. "ಅವನನ್ನು ಬಿಡಪ್ಪ, ಪಾಪ, ಮೇವು ತಿನ್ನಲಿ. ನೀನು ಹೇಳು. ನನ್ನ ಮುಖ ನೋಡಿ ಹೇಳು. ಆ ಮನೆಗೆ ನನ್ನ ಕಳಿಸ್ತೀಯಾ?"

ಅವನು ಮಗಳ ಮುಖ ನೋಡಿದ. ಹೌದೆನ್ನಲು ಬಾಯಿ ತೆರೆದ. ಅಭ್ಯಾಸಬಲದಿಂದ ಎತ್ತಿನ ಕಡೆ ತಿರುಗಿದ. ಡೋಲು ಸುಮ್ಮನಿತ್ತು, ಎತ್ತು ಮೆಲುಕು ಹಾಕುತ್ತ ನಿಂತಿತ್ತು. ಅವನಿಗೆ ನಾಚಿಕೆಯಾಯಿತು.

"ಇಲ್ಲ ಮಗಳೇ, ಕಳಿಸಲ್ಲ," ಎಂದ.

ಬಂದವರು ಬೈದುಕೊಂಡು ತಮ್ಮ ಹಸುವನ್ನು ಹೊಡೆದುಕೊಂಡು ಹೋದರು. ಅವನ ರಾಮ ಕೊನೆಯವರೆಗೂ ಸೀತೆಯಿಲ್ಲದೆಯೇ ಆಡಿದ.

ಕತೆ ಮುಗಿಯಿತು. ಗುರುಪಾದ ಸ್ವಲ್ಪವೂ ಅಳುಕಲಿಲ್ಲ. "ಚೆಂದದ ಕತೆ, ಗುರುಗಳೇ. ಆದರೆ ಅದು ಪಳಗಿಸಿದ ಎತ್ತು. ನಮ್ಮದು ಕಲ್ಲಿನ ಲಿಂಗ. ಅದು ಯಾರ ತಾಳಕ್ಕೂ ಕುಣಿಯುವುದಿಲ್ಲವಲ್ಲ?"

"ಅದೂ ಸರಿಯೇ," ಎಂದರು ಗುರುಗಳು. "ಹಾಗಾದರೆ ಇವತ್ತು ಬಲಗಡೆಯ ಹೂವನ್ನು ಅಷ್ಟೊಂದು ಅಂಚಿಗೆ ಇಟ್ಟ ಕೈ ಯಾರದಪ್ಪ?"