ಟಿಟ್ಟಿಭ ಯಾಕೆ ದಾರಿಹೋಕರನ್ನು ಕಂಡು ಕೂಗುತ್ತದೆ

ನೆಲದ ಮಣ್ಣು ಇನ್ನೂ ಆರದಿದ್ದ ಕಾಲ, ಮಗಾ. ಆಗ ಬೇನೆಗೆ ಕಾಲೂ ಇರಲಿಲ್ಲ, ರೆಕ್ಕೆಯೂ ಇರಲಿಲ್ಲ. ಒಂದು ಜೌಗಿನಲ್ಲಿ ಒಂಟಿಯಾಗಿ ಬಿದ್ದಿತ್ತು.

"ನನ್ನನ್ನೂ ಲೋಕ ಸುತ್ತಿಸು," ಎಂದು ಗಾಳಿಯನ್ನು ಕೇಳಿತು. ಗಾಳಿ ಎತ್ತಿಕೊಂಡು ಹೊರಟಿತು. ಒಂದು ಬಯಲು ದಾಟುವಷ್ಟರಲ್ಲಿ ಬೇನೆ ಬಿಸಿಲಿಗೆ ಒಣಗತೊಡಗಿತು. "ನಿನ್ನನ್ನು ದೂರ ಒಯ್ಯಲಾರೆ," ಎಂದು ಗಾಳಿ ಅದನ್ನು ಮತ್ತೆ ಜೌಗಿಗೇ ಹಾಕಿತು.

ಬೇನೆ ಹೊಳೆಯನ್ನು ಕೇಳಿತು. "ನಾನು ಇಳಿಜಾರಿಗೆ ಮಾತ್ರ ಹರಿಯುತ್ತೇನೆ, ಗುಡ್ಡ ಹತ್ತಲಾರೆ," ಎಂದಿತು ಹೊಳೆ. "ಮನುಷ್ಯರನ್ನು ಕೇಳು. ಅವರು ಎಲ್ಲಾ ಕಡೆಗೂ ಹೋಗುತ್ತಾರೆ."

ಬೇನೆ ಯಾರನ್ನೂ ಕೇಳಲಿಲ್ಲ. ಸುಮ್ಮನೆ ಕಾದು ಕೂತಿತು.

ಹೊಳೆದಂಡೆಯ ಹಟ್ಟಿಯ ದುಗ್ಗಿ ಜೊಂಡು ಕೊಯ್ಯಲು ಜೌಗಿಗೆ ಇಳಿದಳು. ಸಂಜೆಗೆ ಅವಳ ಮೈ ಕೆಂಡವಾಯಿತು. ನೆರೆಯವರು ನೋಡಲು ಬಂದರು, ನೆರೆಯವರೂ ಮಲಗಿದರು. ಮುಂದಿನ ಹಟ್ಟಿಯ ನೆಂಟರು ಗಂಜಿ ಹೊತ್ತು ಬಂದರು, ಬೇನೆ ಹೊತ್ತು ಹೋದರು. ಕಾಲುದಾರಿ ಎಲ್ಲೆಲ್ಲಿ ಹೋಗಿತ್ತೋ ಅಲ್ಲೆಲ್ಲ ಬೇನೆಯೂ ಹೋಯಿತು. ಹತ್ತು ದಾರಿ ಕೂಡುವ ಹಟ್ಟಿಗೆ ಮೊದಲು, ಒಂದೇ ದಾರಿಯ ಹಟ್ಟಿಗೆ ಆಮೇಲೆ. ಕೆಲವು ಹಟ್ಟಿಗಳಲ್ಲಿ ಸತ್ತವರನ್ನು ಹೂಳುವವರೂ ಉಳಿಯಲಿಲ್ಲ.

ದುಗ್ಗಿಯ ಆರೈಕೆಗೆಂದು ಗುಡ್ಡದ ಮೇಲಿನ ಹಟ್ಟಿಯಿಂದ ತಂಗಿ ಕೆಂಚಿ ಬಂದಿದ್ದಳು. ಅಕ್ಕನನ್ನು ಮಣ್ಣು ಮಾಡಿ ಅವ್ವನ ಮನೆಗೆ ಹೊರಟಳು. ಗುಡ್ಡದ ಬುಡ ತಲುಪುವಾಗ ಅವಳಿಗೂ ಚಳಿ, ನಡುಕ.

'ಬಂದುಹೋದವರೆಲ್ಲ ಇದನ್ನೇ ಹೊತ್ತುಕೊಂಡು ಹೋದರಲ್ಲ,' ಅಂದುಕೊಂಡಳು. 'ಈಗ ನಾನೂ ಹೊತ್ತಿದ್ದೇನೆ.' ಅಲ್ಲೇ ಬಯಲಿನಲ್ಲಿ ಕೂತುಬಿಟ್ಟಳು.

ಮೇಲಿನಿಂದ ಅವ್ವ ಕಂಡಳು. "ಕೆಂಚೀ, ಯಾಕವ್ವಾ ಕೂತೆ? ತಡಿ, ಬಂದೆ!"

"ಬರಬ್ಯಾಡ ಅವ್ವಾ! ನಾ ಬೇನೆ ತಂದೀನಿ. ಬರಬ್ಯಾಡ!"

ಅವ್ವ ಕೇಳದೆ ಇಳಿಯತೊಡಗಿದಳು. ಕೆಂಚಿ ಕಲ್ಲೆತ್ತಿ ಬೀಸಿದಳು. ಹೆತ್ತವಳ ಮೇಲೆ ಕಲ್ಲು, ಮಗಾ. ಅವ್ವ ನಿಂತಲ್ಲೇ ಕುಸಿದು ಅತ್ತಳು. ಮತ್ತೆ ಇಳಿಯಲಿಲ್ಲ.

ಬಂದವರನ್ನೆಲ್ಲ ಕೆಂಚಿ ಮೂರು ದಿನ ಕೂಗಿ ಕೂಗಿ ತಡೆದಳು. ದನಿ ಸೋತಿತು. ಪಕ್ಕದಲ್ಲೇ ನೆಲದ ಮೇಲೆ ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದ ಟಿಟ್ಟಿಭ ಕೇಳಿತು, "ನಾನೇನು ಮಾಡಲಿ?"

"ಯಾರೇ ಬರಲಿ, ನನ್ನ ಬದಲು ನೀನು ಕೂಗು."

ಕೆಂಚಿ ಅಲ್ಲೇ ಸತ್ತಳು. ಅವಳ ಮೇಲೆ ಒಂದು ಹಿಡಿ ಮಣ್ಣು ಹಾಕಲೂ ಹಕ್ಕಿ ಯಾರನ್ನೂ ಬಿಡಲಿಲ್ಲ. ಹೊರುವ ಕಾಲು ಸಿಗದೆ ಅವಳ ಬೇನೆ ಅವಳ ಜೊತೆಗೇ ಸತ್ತಿತು. ಗುಡ್ಡದ ಹಟ್ಟಿ ಉಳಿಯಿತು. ನಾವು ಆ ಹಟ್ಟಿಯವರ ಮಕ್ಕಳ ಮಕ್ಕಳು.

ಅದಕ್ಕೇ ಇವತ್ತಿಗೂ ನೀನು ಬಯಲಿಗೆ ಕಾಲಿಟ್ಟರೆ ಟಿಟ್ಟಿಭ ಮೇಲೆದ್ದು, ನೀನು ಹಿಂದಿರುಗುವವರೆಗೂ ತಲೆಯ ಮೇಲೆ ಸುತ್ತಿ ಸುತ್ತಿ ಕೂಗುತ್ತದೆ.